ಕಮಲಾದೇವಿ ಚಟ್ಟೋಪಾಧ್ಯಾಯ: ನಿರಾಶ್ರಿತರ ಕೈಗೆ ಕೆಲಸ ಕೊಟ್ಟ ಮಂಗಳೂರಿನ ಮಗಳು

2018ರ ಏಪ್ರಿಲ್ 3ರಂದು ಗೂಗಲ್ ತೆರೆದವರಿಗೆಲ್ಲ ಒಂದು ಬಣ್ಣಬಣ್ಣದ ಚಿತ್ರ ಕಾಣಿಸಿತ್ತು. ನೀವೂ ನೋಡಿರಬಹುದು. ನಡುವೆ ಒಬ್ಬ ಮಹಿಳೆ, ಸುತ್ತ ನೃತ್ಯ, ವಾದ್ಯ, ಗೊಂಬೆ, ನೇಯ್ಗೆ. ಕಮಲಾದೇವಿ ಚಟ್ಟೋಪಾಧ್ಯಾಯ ಅವರ 115ನೇ ಜನ್ಮದಿನಕ್ಕೆಂದು ಹಾಕಿದ್ದ ಡೂಡಲ್ ಅದು. ನಮ್ಮಲ್ಲಿ ಹೆಚ್ಚಿನವರಿಗೆ ಕಮಲಾದೇವಿ ಎಂದರೆ ಅಷ್ಟೇ ಪರಿಚಯ: ಕೈಮಗ್ಗದ ಸೀರೆ, ದೊಡ್ಡ ಕುಂಕುಮ, ಕರಕುಶಲ ಮೇಳ. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಆ ಚಿತ್ರದಲ್ಲಿ ಇಲ್ಲದ ಸಂಗತಿ. ದೇಶ ಇಬ್ಭಾಗವಾದಾಗ ಮನೆ, ಅಂಗಡಿ, ಹೊಲ ಎಲ್ಲವನ್ನೂ ಬಿಟ್ಟು ಓಡಿ ಬಂದ ಸಾವಿರಾರು ಜನರಿಗೆ ಹೊಸ ಕಸುಬು ಕಲಿಸಿ, ಕೆಲಸ ಹಚ್ಚಿ, ಅವರ ಕೈಯಿಂದಲೇ ಅವರ ಊರನ್ನು ಕಟ್ಟಿಸುವ ಕೆಲಸದಲ್ಲಿ ಈ ಮಂಗಳೂರಿನ ಹೆಣ್ಣುಮಗಳು ಮುಂದೆ ನಿಂತಿದ್ದರು. ಆ ಊರು ಫರೀದಾಬಾದ್. ನಾನು ಈಗ ಇರುವುದು ಅಲ್ಲೇ.

ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ನಾನು ಎಂಟೆಕ್ ಓದಿದ್ದು ಸುರತ್ಕಲ್‌ನ ಎನ್‌ಐಟಿಯಲ್ಲಿ. ಮದುವೆಯಾಗಿ ಫರೀದಾಬಾದಿಗೆ ಬಂದ ಹೊಸದರಲ್ಲಿ ಆಟೋದವರು ಎನ್‌ಐಟಿ, ಎನ್‌ಐಟಿ ಎಂದು ಕೂಗಿ ಜನರನ್ನು ಕರೆಯುತ್ತಿದ್ದರು. ಇಲ್ಲೂ ಒಂದು ದೊಡ್ಡ ಇಂಜಿನಿಯರಿಂಗ್ ಕಾಲೇಜಿದೆ ಎಂದುಕೊಂಡೆ. ವಿಚಾರಿಸಿದರೆ ಇಲ್ಲಿ ಎನ್‌ಐಟಿ ಎಂದರೆ ನ್ಯೂ ಇಂಡಸ್ಟ್ರಿಯಲ್ ಟೌನ್. ಎನ್‌ಐಟಿ ಒಂದು, ಎರಡು, ಐದು ಎಂದು ಬಡಾವಣೆಗಳು. ಈ ಹೊಸ ಪಟ್ಟಣವೇ ನಿರಾಶ್ರಿತರ ಪಟ್ಟಣ. ಇಲ್ಲಿನ ಹಳೆಯ ತಲೆಮಾರಿನವರು ಮನೆಯಲ್ಲಿ ಆಡುವ ಮಾತು ದೆಹಲಿಯ ಪಂಜಾಬಿಯಲ್ಲ. ಅದು ಗಡಿನಾಡಿನ ಬನ್ನೂ ಕಡೆಯ ಮಾತು ಎಂದು ಆಮೇಲೆ ತಿಳಿಯಿತು.

ಕಮಲಾದೇವಿಯವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ, ಚಿತ್ರಾಪುರ ಸಾರಸ್ವತ ಮನೆತನದಲ್ಲಿ. ತಂದೆ ಅನಂತಯ್ಯ ಧಾರೇಶ್ವರ, ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದು ಬಲ್ಲವರು, ಅಜ್ಜಿಯಂತೂ ಪುರಾಣ ಗ್ರಂಥಗಳನ್ನು ಅರೆದು ಕುಡಿದವರು. ಇಂಥ ಮನೆಯ ನೆಲೆ ಒಮ್ಮೆಲೇ ಕುಸಿಯಿತು. ಅಕ್ಕ ಸಗುಣಾ ಮದುವೆಯಾದ ಸ್ವಲ್ಪ ಕಾಲಕ್ಕೇ ಎಳೆ ವಯಸ್ಸಿನಲ್ಲಿ ತೀರಿಕೊಂಡಳು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆ ಹೋದರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ, ಮಗಳಿಗೆ ತಿಂಗಳ ಖರ್ಚಿಗೆಂದು ಒಂದಿಷ್ಟು ಹಣ ಕೊಡುವುದಾಗಿ ಹೇಳಿದರು. ಗಿರಿಜಾಬಾಯಿ ಅದನ್ನು ಮುಟ್ಟಲಿಲ್ಲ. ತನ್ನ ತವರಿನಿಂದ ಬಂದ ಆಸ್ತಿಯ ಮೇಲೆಯೇ ಮಗಳನ್ನು ಸಾಕುತ್ತೇನೆಂದು ನಿರ್ಧರಿಸಿದರು.

ಈ ಘಟನೆಯನ್ನು ಜೀವನಚರಿತ್ರೆ ಬರೆದವರು ಒಂದೆರಡು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಮಾತ್ರ ಕಮಲಾದೇವಿಯವರ ಮುಂದಿನ ಕೆಲಸವೆಲ್ಲ ಇಲ್ಲೇ ಶುರುವಾಯಿತು ಅನ್ನಿಸುತ್ತದೆ. ನಿನ್ನೆಯವರೆಗೆ ಯಜಮಾನತಿಯಾಗಿದ್ದ ಹೆಂಗಸು ಇವತ್ತು ಯಾರದೋ ದಯೆಯ ಕಾಸಿಗೆ ಕೈಯೊಡ್ಡಿ ನಿಲ್ಲಬೇಕಾಗಿ ಬರುವುದು ಎಂದರೇನು ಎಂಬುದನ್ನು ಆ ಹುಡುಗಿ ಏಳನೇ ವಯಸ್ಸಿಗೇ ಮನೆಯೊಳಗೆ ಕಂಡಳು. ನಲವತ್ತು ವರ್ಷದ ನಂತರ ನಿರಾಶ್ರಿತರ ಶಿಬಿರದ ರೇಷನ್ ಸಾಲಿನಲ್ಲಿ ನಿಂತವರನ್ನು ಕಂಡಾಗ ಅವರಿಗೆ ಅದು ಹೊಸ ದೃಶ್ಯವಾಗಿರಲಿಲ್ಲ.

ಬಾಲ್ಯದ ಉಳಿದ ಭಾಗ ಬೇಗ ಹೇಳಬಹುದು. 1917ರಲ್ಲಿ, ಹದಿನಾಲ್ಕು ವರ್ಷಕ್ಕೆ ಮದುವೆ. 1919ರಲ್ಲಿ ವೈಧವ್ಯ. ಆ ಕಾಲದಲ್ಲಿ ಅಲ್ಲಿಗೆ ಒಂದು ಹೆಣ್ಣಿನ ಕತೆ ಮುಗಿಯುತ್ತಿತ್ತು. ಇವರು ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಸ್ನೇಹವಾಯಿತು, ಅವರ ಮೂಲಕ ಅಣ್ಣ ಹರೀಂದ್ರನಾಥರ ಪರಿಚಯವಾಯಿತು. ಹರೀಂದ್ರನಾಥ ಚಟ್ಟೋಪಾಧ್ಯಾಯ ಕವಿ, ನಟ. ವಿಧವಾ ವಿವಾಹ, ಅದೂ ಬಂಗಾಳಿಯೊಡನೆ! ಊರಲ್ಲಿ ಎಷ್ಟು ಗುಲ್ಲೆದ್ದಿರಬೇಕೆಂದು ಮಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಗಂಡ ಹೆಂಡತಿ ಇಬ್ಬರೂ ನಾಟಕಗಳನ್ನು ಕಟ್ಟಿದರು. 1931ರ ಮೂಕಿ ಚಿತ್ರ ‘ಮೃಚ್ಛಕಟಿಕ’ದಲ್ಲಿ ಕಮಲಾದೇವಿ ನಟಿಸಿದರು, ನಮ್ಮ ಕೈಲಾಸಂ ಕೂಡ ಅದರಲ್ಲಿದ್ದರು. ಮದುವೆ ಕೊನೆಯವರೆಗೆ ಉಳಿಯಲಿಲ್ಲ. ಒಬ್ಬ ಮಗ, ರಾಮಕೃಷ್ಣ.

ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿ ಬಂದ ಕಮಲಾದೇವಿ ಸೇವಾದಳ ಸೇರಿದರು. ಸೇವಾದಳವನ್ನು ಕಟ್ಟಿದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಅಧಿವೇಶನಕ್ಕೆ ಸ್ವಯಂಸೇವಕಿಯರನ್ನು ಮನೆಮನೆಯಿಂದ ಕರೆತಂದು ತಯಾರು ಮಾಡಿದವರು ಉಮಾಬಾಯಿ ಕುಂದಾಪುರ ಮತ್ತು ಕಮಲಾದೇವಿ ಎಂಬುದನ್ನು ಯಾವ ಪಾಠವೂ ಹೇಳಲಿಲ್ಲ. ಅಡುಗೆಮನೆ ದಾಟಿ ಗೊತ್ತಿಲ್ಲದ ಹೆಂಗಸರಿಗೆ ಶಿಸ್ತು, ಪ್ರಥಮ ಚಿಕಿತ್ಸೆ, ಜನಸಂದಣಿ ಸಂಭಾಳಿಸುವುದು ಇವನ್ನೆಲ್ಲ ಕಲಿಸಿ ಕೆಲಸಕ್ಕೆ ನಿಲ್ಲಿಸುವುದೆಂದರೆ ಅದೂ ಒಂದು ತರಬೇತಿಯೇ. ಉಮಾಬಾಯಿ ಕೂಡ ಎಳೆಯ ವಿಧವೆಯೇ ಆಗಿದ್ದರು.

1926ರಲ್ಲಿ ಮಾರ್ಗರೆಟ್ ಕಸಿನ್ಸ್ ಅವರ ಪ್ರೋತ್ಸಾಹದಿಂದ ಮದ್ರಾಸ್ ಶಾಸನ ಸಭೆಗೆ ನಿಂತರು. ಭಾರತದಲ್ಲಿ ಶಾಸನ ಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ತೀರ ಕಡಿಮೆ ಮತಗಳಿಂದ ಸೋತರು. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನಾ ಕಾರ್ಯದರ್ಶಿಯಾದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರನ್ನು ಸೇರಿಸಲು ಗಾಂಧೀಜಿಗೆ ಮೊದಲು ಮನಸ್ಸಿರಲಿಲ್ಲ. ಕಮಲಾದೇವಿ ಹೋಗಿ ಅವರೊಡನೆ ವಾದ ಮಾಡಿದರು. ಮುಂಬಯಿಯ ಕಡಲ ದಂಡೆಯಲ್ಲಿ ಅವಂತಿಕಾಬಾಯಿ ಗೋಖಲೆಯವರ ಜೊತೆ ಉಪ್ಪು ಬೇಯಿಸಿ, ಪೊಟ್ಟಣ ಕಟ್ಟಿ, ಷೇರು ಪೇಟೆಯ ಕಟ್ಟಡದೊಳಗೇ ನುಗ್ಗಿ ಮಾರಿದರು. ಮುಂಬಯಿಯ ಗೆಳತಿಯರು ದಲಾಲ್ ಸ್ಟ್ರೀಟ್ ಕಡೆ ಹೋದಾಗ ಒಮ್ಮೆ ಇದನ್ನು ನೆನೆಸಿಕೊಳ್ಳಿ. ಮಾರುವ ಕಲೆಯೂ ಈಕೆಗೆ ಬರುತ್ತಿತ್ತು ಎನ್ನುವುದು ಮುಂದೆ ಬಹಳ ಉಪಯೋಗಕ್ಕೆ ಬಂತು. ಜೈಲು, ಸಮಾಜವಾದಿ ಪಕ್ಷದ ಅಧ್ಯಕ್ಷಗಿರಿ, ಯುದ್ಧದ ಆರಂಭದ ವರ್ಷಗಳಲ್ಲಿ ಅಮೆರಿಕದ ಪ್ರವಾಸ ಇವನ್ನೆಲ್ಲ ಬಿಟ್ಟು ನೇರ 1947ಕ್ಕೆ ಬರುತ್ತೇನೆ.

ಆ ವರ್ಷ ಗಡಿಯ ಎರಡೂ ಕಡೆಯಿಂದ ಒಂದು ಕೋಟಿಗೂ ಮಿಕ್ಕಿ ಜನ ಊರು ಬಿಟ್ಟರು. ದೆಹಲಿಯೊಂದಕ್ಕೇ ಸುಮಾರು 5 ಲಕ್ಷ ನಿರಾಶ್ರಿತರು ಬಂದು ಸೇರಿದರು. ಕಿಂಗ್ಸ್‌ವೇ ಕ್ಯಾಂಪ್, ಕುರುಕ್ಷೇತ್ರದ ಡೇರೆಗಳ ಸಾಗರ, ರೈಲು ನಿಲ್ದಾಣದ ಪ್ಲಾಟ್‌ಫಾರಂ, ಎಲ್ಲೆಲ್ಲೂ ಜನ. ಸರ್ಕಾರ ಮಾಡಿದ್ದನ್ನು ಸಣ್ಣದೆಂದು ಹೇಳಲಾರೆ. ಡೇರೆ ಕೊಟ್ಟಿತು, ಹಿಟ್ಟು ಕೊಟ್ಟಿತು, ಕಂಬಳಿ ಕೊಟ್ಟಿತು. ತಿಂಗಳುಗಳು ಉರುಳಿದವು. ಗಂಡಸರು ಬೆಳಿಗ್ಗೆ ಎದ್ದು ರೇಷನ್ ಸಾಲಿನಲ್ಲಿ ನಿಲ್ಲುವುದು, ಮಧ್ಯಾಹ್ನ ಮಲಗುವುದು, ಸಂಜೆ ಬಿಟ್ಟುಬಂದ ಊರಿನ ಮಾತಾಡುವುದು. ಕಮಲಾದೇವಿಗೆ ಹೆದರಿಕೆ ಹುಟ್ಟಿಸಿದ್ದು ಈ ಸ್ಥಿತಿ. ಸ್ವಾತಂತ್ರ್ಯ ಬಂದ ಮೇಲೆ ಅವರ ಜೊತೆಗಾರರು ಮಂತ್ರಿಗಳಾದರು, ರಾಯಭಾರಿಗಳಾದರು. ಇವರು ಅಂಥ ಯಾವ ಕುರ್ಚಿಯ ಹತ್ತಿರವೂ ಹೋಗದೆ ಶಿಬಿರಗಳ ಕಡೆ ನಡೆದರು.

ಅವರಿಗೆ ಹೊಳೆದ ದಾರಿ ಸಹಕಾರ ಸಂಘ. ನಿರಾಶ್ರಿತರೇ ಸದಸ್ಯರು, ಅವರೇ ಕೆಲಸಗಾರರು, ಲಾಭ ನಷ್ಟ ಅವರದೇ. ಗಾಂಧೀಜಿಯ ಬಳಿ ಈ ವಿಚಾರ ಇಟ್ಟಾಗ ಅವರು ಒಪ್ಪಿದರು, ಆದರೆ ಸರ್ಕಾರದ ಹಣ ಕೇಳಬಾರದೆಂದು ಷರತ್ತು ಹಾಕಿದರು ಎಂದು ಕಮಲಾದೇವಿಯವರ ಜೀವನಚರಿತ್ರೆಗಳಲ್ಲಿ ಬರುತ್ತದೆ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿತು. ಅವರ ಬಲಗೈಯಾಗಿ ನಿಂತ ಹುಡುಗ ಲಕ್ಷ್ಮೀಚಂದ್ ಜೈನ್, ಇಪ್ಪತ್ತೆರಡರ ಆಸುಪಾಸಿನವರು, ಕಿಂಗ್ಸ್‌ವೇಯ ಹಡ್ಸನ್ ಲೈನ್ಸ್ ಶಿಬಿರದ ಉಸ್ತುವಾರಿ ನೋಡಿಕೊಂಡಿದ್ದವರು. ಕನ್ನಡಿಗರಿಗೆ ಇವರು ದೂರದವರಲ್ಲ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರ ಪತಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು.

ಮೊದಲ ಪ್ರಯೋಗ ನಡೆದದ್ದು ಮೆಹ್ರೌಲಿ ಬಳಿಯ ಛತ್ತರ್‌ಪುರದಲ್ಲಿ. ಈಗ ಅಲ್ಲಿ ದೊಡ್ಡವರ ಫಾರ್ಮ್‌ಹೌಸುಗಳು, ಮದುವೆ ಮಂಟಪಗಳು. ಆಗ ಅದು ಜನ ಬಿಟ್ಟುಹೋದ ಹೊಲಗಳ ನೆಲ. ಪಶ್ಚಿಮ ಪಂಜಾಬಿನಿಂದ ಬಂದ ರೈತರನ್ನು ಸಂಘವಾಗಿ ಕೂಡಿಸಿ ಅಲ್ಲಿ ಬೇಸಾಯಕ್ಕೆ ಹಚ್ಚಿದರು. ರೈತನಿಗೆ ಹೊಸ ಕಸುಬು ಕಲಿಸಬೇಕಾಗಿರಲಿಲ್ಲ, ನೆಲ ಮತ್ತು ಸಾಲ ಸಿಕ್ಕರೆ ಸಾಕಿತ್ತು. ಕಷ್ಟದ ಪಾಠ ಮುಂದಿತ್ತು.

ವಾಯವ್ಯ ಗಡಿನಾಡಿನಿಂದ ಬಂದವರು ಬೇರೆಯೇ ಬಗೆಯ ಜನ. ಬನ್ನೂ, ಡೇರಾ ಇಸ್ಮಾಯಿಲ್ ಖಾನ್, ಕೊಹಾಟ್, ಪೇಶಾವರದ ಹಿಂದೂಗಳು ಮತ್ತು ಸಿಖ್ಖರು. ಹೆಚ್ಚಿನವರು ಅಂಗಡಿ, ವ್ಯಾಪಾರ, ಲೇವಾದೇವಿ ಮಾಡಿಕೊಂಡಿದ್ದವರು. ಅವರಲ್ಲಿ ಹಲವರು ಬಾದಶಹಾ ಖಾನರ ಖುದಾಯಿ ಖಿದ್ಮತ್ಗಾರ್ ಪಡೆಯಲ್ಲಿ ಇದ್ದವರು, ಸತ್ಯಾಗ್ರಹದ ಶಿಸ್ತು ಗೊತ್ತಿದ್ದವರು. ಇವರನ್ನು ರಾಜಸ್ಥಾನದ ಕಡೆಗೆ ಹಂಚಿ ಕಳುಹಿಸುವ ಯೋಚನೆ ಸರ್ಕಾರಕ್ಕಿತ್ತು. ಅವರು ಜಪ್ಪಯ್ಯ ಎನ್ನಲಿಲ್ಲ. ಕಳುಹಿಸಿದರೆ ಎಲ್ಲರನ್ನೂ ಒಟ್ಟಿಗೆ, ಅದೂ ದೆಹಲಿಯ ಹತ್ತಿರಕ್ಕೇ ಎಂದು ಪಟ್ಟು ಹಿಡಿದರು. ಕೊನೆಗೆ ದೆಹಲಿಯಿಂದ ದಕ್ಷಿಣಕ್ಕೆ, ಮಥುರಾ ರಸ್ತೆಯ ಮೇಲೆ, ಹಳೆಯ ಫರೀದಾಬಾದ್ ಹಳ್ಳಿಯ ಪಕ್ಕದ ಬಯಲು ಗೊತ್ತಾಯಿತು. 1949ರಲ್ಲಿ ಫರೀದಾಬಾದ್ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಅಧ್ಯಕ್ಷರು ರಾಜೇಂದ್ರ ಪ್ರಸಾದ್. ಕಮಲಾದೇವಿ, ಹೃದಯನಾಥ ಕುಂಜ್ರು ಮುಂತಾದವರ ಪಾಲು ಅದರಲ್ಲಿತ್ತು. ಸುಧೀರ್ ಘೋಷ್ ಆಡಳಿತಾಧಿಕಾರಿ. ಪ್ರಧಾನಿ ನೆಹರೂ ತಾವೇ ಬಂದು ಸಭೆಗಳಲ್ಲಿ ಕೂರುತ್ತಿದ್ದರು. ಒಂದು ನಿರಾಶ್ರಿತರ ಕಾಲೊನಿಗೆ ಪ್ರಧಾನಿ ಅಷ್ಟು ಸಮಯ ಕೊಟ್ಟದ್ದು ನನಗೆ ಇವತ್ತಿಗೂ ಬೆರಗು.

ಸುಮಾರು 50,000 ಜನ. ಮನೆ ಬೇಕು, ಕೆಲಸ ಬೇಕು. ಸರ್ಕಾರಿ ಪದ್ಧತಿಯಲ್ಲಿ ಇವೆರಡೂ ಬೇರೆ ಬೇರೆ ಫೈಲುಗಳು. ಮನೆ ಕಟ್ಟಲು ಲೋಕೋಪಯೋಗಿ ಇಲಾಖೆ, ಅದರ ಕಂಟ್ರಾಕ್ಟರು, ಅವನ ಕೂಲಿಗಳು. ಅತ್ತ ಬೇರೆ ಊರಿನ ಕೂಲಿಗಳು ಬಂದು ನಿರಾಶ್ರಿತರ ಮನೆ ಕಟ್ಟುವುದು, ಇತ್ತ ನಿರಾಶ್ರಿತರು ಡೇರೆಯಲ್ಲಿ ಕೂತು ಪುಕ್ಕಟೆ ಹಿಟ್ಟು ತಿನ್ನುವುದು. ಕಮಲಾದೇವಿ ಮತ್ತು ಜೈನ್ ಕೇಳಿದ್ದು ಬಹಳ ಸರಳವಾದ ಪ್ರಶ್ನೆ. ಮನೆ ಕಟ್ಟುವುದೇ ಕೆಲಸವಾದರೆ ಆ ಕೆಲಸವನ್ನು ಇವರಿಗೇ ಕೊಟ್ಟರೇನು?

ಅಡ್ಡಿ ಎರಡು ಕಡೆಯಿಂದ ಬಂತು. ಇಂಜಿನಿಯರುಗಳ ಪ್ರಕಾರ ತಕ್ಕಡಿ ಹಿಡಿದವರಿಗೆ ಕರಣೆ ಹಿಡಿಯಲು ಬರುವುದಿಲ್ಲ, ಗೋಡೆ ಸೊಟ್ಟಗಾಗುತ್ತದೆ, ಸರ್ಕಾರದ ದುಡ್ಡು ಹಾಳು. ಅದಕ್ಕಿಂತ ದೊಡ್ಡ ಅಡ್ಡಿ ನಿರಾಶ್ರಿತರ ಮನಸ್ಸಿನಲ್ಲೇ ಇತ್ತು. ಬನ್ನೂವಿನಲ್ಲಿ ಗದ್ದಿಗೆಯ ಮೇಲೆ ಕೂತು ಲೆಕ್ಕ ಬರೆದವನು ಇಲ್ಲಿ ತಲೆಯ ಮೇಲೆ ಇಟ್ಟಿಗೆ ಹೊರಬೇಕೆಂದರೆ? ನೆಂಟರಿಷ್ಟರು ಏನೆನ್ನುತ್ತಾರೆ? ಇದು ಸೋಮಾರಿತನವಲ್ಲ. ಎಲ್ಲವನ್ನೂ ಕಳೆದುಕೊಂಡವನ ಬಳಿ ಉಳಿದಿರುವ ಒಂದೇ ಆಸ್ತಿ ತಾನು ಯಾರಾಗಿದ್ದೆ ಎಂಬ ನೆನಪು, ಅದನ್ನೂ ಬಿಟ್ಟುಕೊಡಲು ಹೇಳಿದಂತೆ ಅದು.

ಇಲ್ಲಿ ಸಹಕಾರ ಸಂಘ ಎಂಬ ರೂಪ ಕೆಲಸ ಮಾಡಿತು. ಕಂಟ್ರಾಕ್ಟರನ ಕೈಕೆಳಗೆ ಇಟ್ಟಿಗೆ ಹೊತ್ತರೆ ನೀನು ಕೂಲಿ. ನಿನ್ನದೇ ಸಂಘ ಕೆಲಸ ಹಿಡಿದು, ನೀನೂ ಅದರ ಸದಸ್ಯನಾಗಿ, ನಿನ್ನದೇ ಊರಿನ ಗೋಡೆ ಏರಿಸಿದರೆ ಕೂಲಿ ಎಂಬ ಮಾತು ಅಷ್ಟು ಚುಚ್ಚುವುದಿಲ್ಲ. ವ್ಯಾಪಾರಿಗಳಿಗೆ ಲೆಕ್ಕ ಬರುತ್ತಿತ್ತಲ್ಲ, ಸಂಘದ ಲೆಕ್ಕ ಇಡಲು ಹೊರಗಿನವರು ಬೇಕಾಗಲಿಲ್ಲ. ಕಂಟ್ರಾಕ್ಟರನ ಲಾಭಾಂಶ ಸಂಘದಲ್ಲೇ ಉಳಿಯಿತು. ಪುಕ್ಕಟೆ ರೇಷನ್ ನಿಂತು ಕೆಲಸದ ಸಂಬಳ ಶುರುವಾಯಿತು. ಗಾರೆ ಕೆಲಸ, ಬಡಗಿ ಕೆಲಸ, ಇಟ್ಟಿಗೆ ಸುಡುವುದು, ರಸ್ತೆ ಹಾಕುವುದು ಎಲ್ಲವನ್ನೂ ಜನ ಕೆಲಸ ಮಾಡುತ್ತಲೇ ಕಲಿತರು. ಮೊದಲು ಆರು ತಿಂಗಳು ಕ್ಲಾಸು, ಆಮೇಲೆ ಕೆಲಸ ಹುಡುಕು ಎಂಬ ಕ್ರಮ ಅಲ್ಲಿರಲಿಲ್ಲ. ಹೀಗೆ ಕೆಲವೇ ವರ್ಷಗಳಲ್ಲಿ ಸಾವಿರಾರು ಮನೆಗಳೆದ್ದವು. ಶಾಲೆಗಳಾದವು. ಬಾದಶಹಾ ಖಾನರ ಹೆಸರಿನ ಆಸ್ಪತ್ರೆಯಾಯಿತು. ಇಲ್ಲಿಯ ಜನ ಅದನ್ನು ಬಿ.ಕೆ. ಆಸ್ಪತ್ರೆ ಎಂದೇ ಕರೆದುಕೊಂಡು ಬಂದಿದ್ದಾರೆ. ಯುದ್ಧ ಪರಿಹಾರವಾಗಿ ಜರ್ಮನಿಯಿಂದ ಬಂದಿದ್ದ ಡೀಸೆಲ್ ವಿದ್ಯುತ್ ಸ್ಥಾವರವೊಂದನ್ನು ಇಲ್ಲಿಗೆ ತಂದು ನಿಲ್ಲಿಸಿದರು. ವಿದ್ಯುತ್ ಬಂತು, ಅದರ ಬೆನ್ನಿಗೆ ಕಾರ್ಖಾನೆಗಳು ಬಂದವು. ನಮ್ಮ ಮೆಟ್ರೋದ ನೇರಳೆ ಲೈನಿನಲ್ಲಿ ಬಾಟಾ ಚೌಕ್ ಎಂಬ ನಿಲ್ದಾಣವಿದೆ. ಚಪ್ಪಲಿ ಅಂಗಡಿಯ ಹೆಸರಲ್ಲ ಅದು, ಆ ಕಾಲದಲ್ಲಿ ಬಂದ ಬಾಟಾ ಕಾರ್ಖಾನೆಯ ಹೆಸರು.

ಈ ಕತೆ ನನ್ನನ್ನು ಹಿಡಿದಿಟ್ಟುಕೊಳ್ಳಲು ಒಂದು ಕಾರಣವಿದೆ. ಎರಡು ವರ್ಷ ನಾನು ಶನಿವಾರಗಳಂದು ಲಾಜಪತ್ ನಗರದ ಬಳಿ ಅಫ್ಘಾನ್ ನಿರಾಶ್ರಿತ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಹೋಗುತ್ತಿದ್ದೆ. ಲಾಜಪತ್ ನಗರವೂ ವಿಭಜನೆಯ ನಿರಾಶ್ರಿತರಿಗೆಂದೇ ಹುಟ್ಟಿದ ಬಡಾವಣೆ. ಈಗ ಅಲ್ಲಿ ಕಾಬೂಲಿನ ರೊಟ್ಟಿಯ ಅಂಗಡಿಗಳಿವೆ. ವರ್ಡ್, ಎಕ್ಸೆಲ್, ಒಂದಿಷ್ಟು ಟೈಪಿಂಗ್, ಮೂರು ತಿಂಗಳ ಕೋರ್ಸು. ಕೊನೆಯ ದಿನ ಸರ್ಟಿಫಿಕೇಟ್, ಫೋಟೋ, ಸಮೋಸಾ. ಎರಡನೇ ಬ್ಯಾಚಿನ ಒಬ್ಬಳು, ಅಲ್ಲಿ ಶಾಲಾ ಶಿಕ್ಷಕಿಯಾಗಿದ್ದವಳು, ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು ಇದನ್ನು ಎಲ್ಲಿ ತೋರಿಸಲಿ ಎಂದು ನನ್ನನ್ನು ಕೇಳಿದಳು. ಕೋರ್ಸು ನಡೆಸುತ್ತಿದ್ದ ಸಂಸ್ಥೆಯವರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಅವರ ವರದಿಯಲ್ಲಿ ಎಷ್ಟು ಜನ ಕಲಿತರು ಎಂಬ ಕಾಲಂ ಇತ್ತು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬ ಕಾಲಂ ಇರಲಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಇದು ಗೊತ್ತಿರುವ ರೋಗ. ಏನನ್ನು ಅಳೆಯುತ್ತೇವೋ ಅದಷ್ಟೇ ಆಗುತ್ತದೆ. ನಮ್ಮ ಕಂಪನಿಗಳಲ್ಲೂ ಬೆಂಚಿನ ಮೇಲಿರುವ ಹುಡುಗರಿಗೆ ಒಂದರ ಮೇಲೊಂದು ಕೋರ್ಸು ಮಾಡಿಸುತ್ತಾರೆ. ಪ್ರಾಜೆಕ್ಟು ಸಿಕ್ಕ ಮೊದಲ ವಾರದಲ್ಲಿ ಅವರು ಕಲಿಯುವಷ್ಟು ಆ ಎಲ್ಲ ಕೋರ್ಸುಗಳೂ ಸೇರಿ ಕಲಿಸಿರುವುದಿಲ್ಲ.

ಕಮಲಾದೇವಿ ಆ ಶಿಕ್ಷಕಿಯ ಪ್ರಶ್ನೆಯನ್ನು ಎಪ್ಪತ್ತು ವರ್ಷ ಮೊದಲೇ ಕೇಳಿಕೊಂಡಿದ್ದರು. ಫರೀದಾಬಾದಿನಲ್ಲಿ ಕಟ್ಟಡ ಕೆಲಸ ಒಂದು ದಿನ ಮುಗಿಯುವುದೇ. ಆಮೇಲೆ? ಶಿಬಿರದ ಹೆಂಗಸರಿಗೆ ಹೊಲಿಗೆ, ಕಸೂತಿ, ನೇಯ್ಗೆ ಬರುತ್ತದೆ, ಸರಿ. ಅದನ್ನು ಕೊಳ್ಳುವವರು ಯಾರು? ಆ ಕಾಲದ ದೆಹಲಿಯಲ್ಲಿ ನಿರಾಶ್ರಿತ ಹೆಂಗಸರ ಕೈಕೆಲಸ ಮಾರಲು ಹಲವು ಮಹಿಳೆಯರು ಓಡಾಡುತ್ತಿದ್ದರು. ಫೋರಿ ನೆಹರೂ ಅವರಲ್ಲೊಬ್ಬರು. ಇನ್ನೊಬ್ಬರು ಕಿಟ್ಟಿ ಶಿವರಾವ್, ಹುಟ್ಟಿನಿಂದ ಆಸ್ಟ್ರಿಯಾದವರು, ಮಂಗಳೂರಿನ ಬೆನಗಲ್ ಶಿವರಾಯರ ಪತ್ನಿ. ಕರುಣೆಯಿಂದ ಕೊಳ್ಳುವವರು ಒಂದು ಸಲ ಕೊಳ್ಳುತ್ತಾರೆ, ಎರಡನೇ ಸಲ ಆ ಬೀದಿಗೆ ಬರುವುದಿಲ್ಲ. ವಸ್ತು ಚೆನ್ನಾಗಿದ್ದರೆ ಮಾತ್ರ ಗಿರಾಕಿ ಮತ್ತೆ ಬರುತ್ತಾನೆ.

1952ರಲ್ಲಿ ಸರ್ಕಾರ ಜನಪಥದ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂನ ಆಡಳಿತವನ್ನು ಕಮಲಾದೇವಿಯವರ ಕೋಆಪರೇಟಿವ್ ಯೂನಿಯನ್‌ಗೆ ಒಪ್ಪಿಸಿತು. ಹಳೆಯ ಬ್ಯಾರಕ್ಕುಗಳಲ್ಲಿ ನಡೆಯುತ್ತಿದ್ದ ಅಂಗಡಿ ಅದು. ಅವರು ಅದನ್ನು ಅಂಗಡಿಯಂತೆಯೇ ನಡೆಸಿದರು. ಗುಣಮಟ್ಟ ನೋಡಿ ಸರಕು ತೆಗೆದುಕೊಳ್ಳುವುದು, ಯಾವುದು ಓಡುತ್ತದೆ, ಯಾವುದು ಕೂತಿದೆ ಎಂದು ಗಮನಿಸಿ ಕುಶಲಕರ್ಮಿಗೆ ತಿಳಿಸುವುದು, ಹೊಸ ವಿನ್ಯಾಸ ಕೊಡುವುದು, ಮಾರಲು ನಿಂತ ಹುಡುಗಿಯರಿಗೆ ವಸ್ತುವಿನ ಹಿನ್ನೆಲೆ ಕಲಿಸುವುದು. ವಿದೇಶಿ ಅತಿಥಿಗಳು ದೆಹಲಿಗೆ ಬಂದರೆ ಇಲ್ಲಿಗೊಂದು ಭೇಟಿ ಎಂಬಷ್ಟು ಹೆಸರಾಯಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿ, ಕಮಲಾದೇವಿ ಅದರ ಅಧ್ಯಕ್ಷೆಯಾದರು. ಶಿಬಿರದಲ್ಲಿ ಕಲಿತದ್ದನ್ನು ಇಡೀ ದೇಶಕ್ಕೆ ಹಚ್ಚುವ ಅವಕಾಶ ಅದು. ವಿಭಜನೆಯಿಂದ ಓಡಿ ಬಂದವರಷ್ಟೇ ನಿರಾಶ್ರಿತರೇ? ಗಿರಣಿ ಬಟ್ಟೆ, ಪ್ಲಾಸ್ಟಿಕ್ ಸಾಮಾನು ಬಂದು ತಮ್ಮ ಊರಿನಲ್ಲೇ ಕೆಲಸ ಕಳೆದುಕೊಂಡ ಕುಶಲಕರ್ಮಿಗಳೂ ಒಂದು ರೀತಿಯಲ್ಲಿ ನಿರಾಶ್ರಿತರೇ. ಮುದಿ ಕಸುಬುದಾರರನ್ನು ಹುಡುಕಿ ಅವರ ಕೈಕೆಳಗೆ ಎಳೆಯರನ್ನು ಕೂರಿಸಿದರು. ಕಾಳಹಸ್ತಿಯ ಕಲಂಕಾರಿಗೆ ತರಬೇತಿ ಕೇಂದ್ರ ಬಂತು. ಜೈಪುರದ ನೀಲಿ ಮಣ್ಣಿನ ಪಾತ್ರೆಗಳ ಕೆಲಸ ಮತ್ತೆ ಚಿಗುರುವುದಕ್ಕೆ ಅವರ ಒತ್ತಾಸೆಯಿತ್ತು. ದೆಹಲಿ, ಮುಂಬಯಿ, ಕಲ್ಕತ್ತ, ಬೆಂಗಳೂರುಗಳಲ್ಲಿ ವಿನ್ಯಾಸ ಕೇಂದ್ರಗಳಾದವು. ನಿಪುಣ ಕುಶಲಕರ್ಮಿಗಳಿಗೆ 1965ರಿಂದ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂತು. ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಬಿದರಿ ಹೂದಾನಿಯೋ ಚನ್ನಪಟ್ಟಣದ ಗೊಂಬೆಯೋ ಇದ್ದರೆ, ಅಂಥ ಕಸುಬುಗಳು ಉಳಿಯಬೇಕೆಂದು ಹಟ ಹಿಡಿದವರಲ್ಲಿ ಇವರು ಮೊದಲಿಗರು.

ಇಷ್ಟೆಲ್ಲ ಹೊಗಳಿ, ಕಹಿ ಭಾಗ ಬಿಟ್ಟರೆ ತಪ್ಪಾಗುತ್ತದೆ. ಫರೀದಾಬಾದಿನ ಸಹಕಾರಿ ಪ್ರಯೋಗ ಬಾಳಲಿಲ್ಲ. 1950ರ ದಶಕದ ಆರಂಭದಲ್ಲೇ ಅಭಿವೃದ್ಧಿ ಮಂಡಳಿ ಮುಗಿಯಿತು, ಊರು ಇಲಾಖೆಯ ಕೈಗೆ ಹೋಯಿತು. ಇಲಾಖೆಗೆ ಸಂಘಗಳ ಜೊತೆ ವ್ಯವಹರಿಸುವುದಕ್ಕಿಂತ ಕಂಟ್ರಾಕ್ಟರರ ಜೊತೆ ವ್ಯವಹರಿಸುವುದು ಸಲೀಸು. ಸಂಘಗಳು ಒಂದೊಂದಾಗಿ ಸೊರಗಿದವು. ಕಾರ್ಖಾನೆಗಳು ಬಂದವು, ಊರು ಬೆಳೆಯಿತು, ಆದರೆ ಊರಿನ ಯಜಮಾನಿಕೆ ಊರು ಕಟ್ಟಿದವರ ಕೈಯಲ್ಲಿ ಉಳಿಯಲಿಲ್ಲ. ಗಾಂಧೀಜಿ ಹಾಕಿದರೆನ್ನುವ ಷರತ್ತು ಎಷ್ಟು ದೂರಾಲೋಚನೆಯದು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮರುಕ್ಷಣವೇ, 50,000 ಜನರಿಗೆ ಸರ್ಕಾರದ ಹಣವಿಲ್ಲದೆ ಊರು ಕಟ್ಟುವುದು ಯಾರಿಂದ ಸಾಧ್ಯವಿತ್ತು ಎಂದೂ ಅನ್ನಿಸುತ್ತದೆ. ಸಂಘ ಮತ್ತು ಸರ್ಕಾರ ಎಲ್ಲಿ ಕೈಕೈ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಅಂದೂ ಬಗೆಹರಿಯಲಿಲ್ಲ, ಇಂದೂ ಬಗೆಹರಿದಿಲ್ಲ. ಮೈಸೂರು ಕಡೆಯವರು ಬೈಲಕುಪ್ಪೆಯ ಟಿಬೆಟನ್ನರನ್ನು ನೋಡಿರುತ್ತೀರಿ. 1960ರ ಹೊತ್ತಿಗೆ ಮೈಸೂರು ಸರ್ಕಾರ ಅವರಿಗೆ ನೆಲ ಕೊಟ್ಟಿತು, ಅವರು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡು ಜೋಳ ಬೆಳೆದರು, ರತ್ನಗಂಬಳಿ ನೇಯ್ದರು. ಅದು ಬೇರೆ ಜನರ, ಬೇರೆ ಕಾಲದ ಕತೆ. ಆದರೂ ಅಲ್ಲಿ ಹೋದಾಗಲೆಲ್ಲ ನನಗೆ ಫರೀದಾಬಾದಿನಲ್ಲಿ ಉಳಿಯದೇ ಹೋದದ್ದು ಇಲ್ಲಿ ಹೇಗೆ ಉಳಿಯಿತು ಎಂಬ ಪ್ರಶ್ನೆ ಏಳುತ್ತದೆ.

ಕಮಲಾದೇವಿಯವರು ಫರೀದಾಬಾದಿನ ಸೋಲನ್ನು ಎದೆಗೆ ಹಚ್ಚಿಕೊಂಡು ಕೂರಲಿಲ್ಲ. 1964ರಲ್ಲಿ ಕ್ರಾಫ್ಟ್ಸ್ ಕೌನ್ಸಿಲ್ ಆಫ್ ಇಂಡಿಯಾ ಕಟ್ಟಿದರು. ಚೆನ್ನೈನ ಗೆಳತಿಯರಿಗೆ ಅದರ ಮೇಳಗಳು ಪರಿಚಯವಿರುತ್ತವೆ. ಅದೇ ವರ್ಷ ವಿಶ್ವ ಕರಕುಶಲ ಪರಿಷತ್ತು ಹುಟ್ಟಿದಾಗ ಅದರಲ್ಲೂ ಮುಂದೆ ಇದ್ದರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂದವು. 1986ರಲ್ಲಿ ಆತ್ಮಕತೆ ಹೊರಬಂತು. ವಯಸ್ಸಾದ ಮೇಲೂ ಹಳ್ಳಿ ಹಳ್ಳಿ ತಿರುಗಿ ಯಾವ ಮಗ್ಗ ನಿಂತಿದೆ, ಯಾವ ಕುಲುಮೆ ಆರಿದೆ ಎಂದು ವಿಚಾರಿಸುವುದನ್ನು ಅವರು ಬಿಡಲಿಲ್ಲ.

1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು. 85 ವರ್ಷವಾಗಿತ್ತು. ಮರುವರ್ಷ ಲಕ್ಷ್ಮೀಚಂದ್ ಜೈನ್ ಅವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1998ರಲ್ಲಿ ಅವರು ಫರೀದಾಬಾದಿನ ಕತೆಯನ್ನು ‘ದಿ ಸಿಟಿ ಆಫ್ ಹೋಪ್’ ಎಂಬ ಪುಸ್ತಕವಾಗಿ ಬರೆದರು. ಅದನ್ನು ನನಗೆ ಓದಲು ಕೊಟ್ಟವರು ನಮ್ಮ ಎನ್‌ಐಟಿ ಬಡಾವಣೆಯ ಪಕ್ಕದ ಬೀದಿಯ ಎಂಬತ್ತು ದಾಟಿದ ಅಜ್ಜ. ಅವರ ಮನೆಯ ಮುಂದಿನ ಎರಡು ಕೋಣೆ ಇನ್ನೂ ಹಳೆಯವೇ, ಮೇಲೆ ಮಗ ಮೂರು ಅಂತಸ್ತು ಏರಿಸಿದ್ದಾನೆ. ಕೆಳಗಿನ ಗೋಡೆಯನ್ನು ಅವರ ತಂದೆ ಕಟ್ಟಿದ್ದಂತೆ. ಬನ್ನೂವಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು.